ನಾಲ್ಕನೇ ಸೀಟಿನ ಸ್ಟ್ರೈಕರ್: ನಾಲ್ಕು ದೇಶದಲ್ಲಿ ಆಡಿದ ನನ್ನ ಅನುಭವ

ಅಕ್ಕಪಕ್ಕದ ದೇಶಗಳಲ್ಲಿ ಗೋಲು ಹೊಡೆದು ಒಬ್ಬ ಫುಟ್‌ಬಾಲ್ ಸ್ಟ್ರೈಕರ್ ಸಂಸಾರ ನಡೆಸಬಹುದು ಅಂತ ನಾನು ಅಂದಾಗ ನಮ್ಮ ಬೆಂಗಳೂರಿನ ಸೂಪರ್ ಡಿವಿಜನ್ ಲೀಗಿನ ಗೆಳೆಯರು ಯಾರೂ ನಂಬಲಿಲ್ಲ. ಸ್ಪೋರ್ಟ್ಸ್ ಕೋಟಾದಲ್ಲಿ ನನಗೆ ಆಗ ಕೆಲಸ ಹೆಚ್ಚುಕಡಿಮೆ ಆಗಿಹೋಗಿತ್ತು. ‘ಪಿಎಫ್ ಬರೋ ಕೆಲಸ ಬಿಟ್ಟು ಢಾಕಾಗೆ ಹೋಗ್ತಾನಂತೆ’ ಅಂತ ಅಶೋಕನಗರದ ಸ್ಟೇಡಿಯಂ ಗ್ಯಾಲರಿಯಲ್ಲಿ ಕೂತು ಮಾತಾಡಿಕೊಂಡರು. ನಮ್ಮ ಕೋಚ್ ನೇರವಾಗಿಯೇ ಕೇಳಿದರು: ‘ಐದಡಿ ಏಳಿಂಚು ಇದ್ದೀಯ, ಸ್ಪೀಡೂ ಅಷ್ಟಕ್ಕಷ್ಟೆ. ಫಾರಿನ್ ಪ್ಲೇಯರ್ ಅಂತ ನಿನ್ನನ್ನ ಯಾರಯ್ಯಾ ತಗೋತಾರೆ?’

ತಗೊಂಡರು. ಬಾಂಗ್ಲಾದೇಶ, ಮಾಲ್ಡೀವ್ಸ್, ಭೂತಾನ್, ನೇಪಾಳ, ನಾಲ್ಕೂ ಕಡೆ ಆಡಿದೆ. ಹೆಸರಘಟ್ಟದ ಕಡೆ ಒಂದು ಥರ್ಟಿ ಫಾರ್ಟಿ ಸೈಟು ಸಾಲವಿಲ್ಲದೆ ಆಯಿತು. ಅದೇ ಕೋಚ್ ಈಗ ಹುಡುಗರನ್ನು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಟ್ರ್ಯಾಪಿಂಗ್, ಹೆಡ್ಡಿಂಗ್, ಫಿಟ್‌ನೆಸ್ ಇದೆಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟೆ.

ನನ್ನ ಲೆಕ್ಕ ಶುರುವಾಗಿದ್ದು ಮೂರು ಪ್ಲಸ್ ಒಂದು ನಿಯಮದಿಂದ. ಏಷ್ಯಾದ ಕ್ಲಬ್ ಟೂರ್ನಿಗಳಲ್ಲಿ 2009ರಿಂದ ಈ ಪದ್ಧತಿ ಬಂತು. ಮೂವರು ಫಾರಿನರ್ ಎಲ್ಲಿಯವರಾದರೂ ಸರಿ, ನಾಲ್ಕನೆಯವನು ಮಾತ್ರ ಏಷ್ಯಾದವನೇ ಆಗಿರಬೇಕಿತ್ತು. 2023-24ರ ಸೀಸನ್‌ನಿಂದ ಆ ಟೂರ್ನಿಗಳಲ್ಲಿ ಇದು ಬದಲಾಗಿದೆ. ನಾನು ನೋಡಿದ ಕ್ಲಬ್‌ಗಳು ದುಡ್ಡೆಲ್ಲ ಮೊದಲ ಮೂರು ಸೀಟಿಗೇ ಸುರಿಯುತ್ತಿದ್ದವು. ನೈಜೀರಿಯಾ, ಘಾನಾ, ಬ್ರೆಜಿಲ್ ಅಂತ ತರಿಸುತ್ತಿದ್ದರು. ನಾಲ್ಕನೇ ಸೀಟಿನ ನೆನಪಾಗುತ್ತಿದ್ದುದು ಟ್ರಾನ್ಸ್‌ಫರ್ ವಿಂಡೋ, ಅಂದರೆ ಹೊಸ ಆಟಗಾರರನ್ನು ಸೇರಿಸಿಕೊಳ್ಳುವ ಅವಧಿ, ಮುಚ್ಚುವ ಹೊತ್ತಿಗೆ. ಆಗ ಉಜ್ಬೇಕ್ ಅಥವಾ ಕಿರ್ಗಿಜ್ ಆಟಗಾರನನ್ನು ಅವಸರದಲ್ಲಿ ಹುಡುಕುತ್ತಿದ್ದರು. ಢಾಕಾಗೆ ವಿಮಾನದ ಟಿಕೆಟ್ಟಿನ ದುಡ್ಡೇ ಕಮ್ಮಿ ಬೀಳುವ ಇಂಡಿಯಾದವನು ಯಾಕಾಗಬಾರದು? ಇದು ಹೊಸ ದಾರಿಯೇನೂ ಅಲ್ಲ. 1991ರಲ್ಲಿ ಢಾಕಾದಿಂದ ಮೊನೆಮ್ ಮುನ್ನಾ, ಅಸ್ಲಂ, ರೂಮಿ ಬಂದು ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಆಡಿದ್ದರು. ಅದಕ್ಕೂ ಎಷ್ಟೋ ವರ್ಷ ಮುಂಚೆ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಊರು ಬಿಟ್ಟು ಹೋಗಿ ಅದೇ ಕ್ಲಬ್ಬಿನ ‘ಪಂಚಪಾಂಡವರು’ ಅನ್ನಿಸಿಕೊಂಡ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರಾದರು. ನಾನು ಹೋಗಿದ್ದು ಅದೇ ದಾರಿಯಲ್ಲಿ, ಎದುರು ದಿಕ್ಕಿಗೆ.

ಎರಡನೇ ಲೆಕ್ಕ ಕೇಳಿದವರೆಲ್ಲ ನಕ್ಕರು. ಎತ್ತರದ ಆಫ್ರಿಕನ್ ಸ್ಟ್ರೈಕರ್ ಆಗಲೇ ಇರುವ ಕ್ಲಬ್ಬಿಗೆ ಮಾತ್ರ ನಾನು ಸೈನ್ ಮಾಡುತ್ತಿದ್ದೆ. ‘ಅವನಿದ್ರೆ ನಿನಗೆಲ್ಲಿ ಚಾನ್ಸು?’ ಅನ್ನುತ್ತಿದ್ದರು. ಅವನಿದ್ದರೇ ನನಗೆ ಚಾನ್ಸು. ಆರಡಿ ಮೂರಿಂಚಿನ ಆಳು ಸೆಕೆಂಡ್ ಪೋಸ್ಟ್, ಅಂದರೆ ಬಾಲ್ ಬರುವ ಕಡೆಯಿಂದ ದೂರದ ಗೋಲು ಕಂಬದ ಹತ್ತಿರ ನಿಂತರೆ ಎದುರು ತಂಡದ ಇಬ್ಬರು ಸ್ಟಾಪರ್‌ಗಳ (ನಡುವಿನ ಡಿಫೆಂಡರ್‌ಗಳ) ಕಣ್ಣೂ ಅವನ ಮೇಲೆ. ನಾನು ಮೊದಲು ಅವನ ಬೆನ್ನ ಹಿಂದೆ ಎರಡು ಹೆಜ್ಜೆ ಸರಿಯುತ್ತೇನೆ, ಸುಮ್ನೆ, ಆಟಕ್ಕೇ ಸಂಬಂಧವಿಲ್ಲದವನ ಹಾಗೆ. ಗ್ರೌಂಡಿನ ಅಂಚಿನಲ್ಲಿ ಆಡುವ ವಿಂಗರ್ ಗೋಲಿನ ಮುಂದಕ್ಕೆ ಕ್ರಾಸ್ ಹಾಕಲು ತಲೆ ಬಗ್ಗಿಸಿದ ಕ್ಷಣ ಹತ್ತಿರದ ಕಂಬಕ್ಕೆ, ಫಸ್ಟ್ ಪೋಸ್ಟಿಗೆ ಕಟ್. ಐದಾರು ಗಜದ ಓಟ, ಅಷ್ಟೆ. ಅದಕ್ಕೆ ಸ್ಪೀಡ್ ಬೇಡ, ಟೈಮಿಂಗ್ ಬೇಕು. ನನ್ನ ಗೋಲುಗಳಲ್ಲಿ ಮುಕ್ಕಾಲು ಪಾಲು ಆರು ಗಜದ ಬಾಕ್ಸ್ ಒಳಗಿನವು, ಅದರಲ್ಲೂ ಜಾಸ್ತಿ ಒಂದೇ ಟಚ್ಚಿನವು. ಕಾರ್ನರ್ ಬಂದಾಗ ಜೆರ್ಸಿ ಹಿಡಿದುಕೊಂಡ ಸ್ಟಾಪರ್‌ನಿಂದ ಹೇಗೆ ಬಿಡಿಸಿಕೊಳ್ಳುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹುಡುಗರು ಇನ್ನೂ ಅದರಿಂದಲೇ ಗೋಲು ಹೊಡೆಯುತ್ತಿದ್ದಾರೆ.

ಹಾಗಾಗಿ ಆಫರ್ ಬಂದಾಗ ನಾನು ಮೊದಲು ಕೇಳುವುದು ಸಂಬಳವನ್ನಲ್ಲ. ನಂಬರ್ ನೈನ್ (ಮುಖ್ಯ ಸ್ಟ್ರೈಕರ್) ಯಾರು, ಲೆಫ್ಟ್ ವಿಂಗರ್ ಯಾರು, ಅವನ ಎರಡು ಮೂರು ಪೂರ್ತಿ ಪಂದ್ಯದ ವಿಡಿಯೊ ಕಳಿಸಿ ಅಂತ ಕೇಳುತ್ತೇನೆ. ಹೈಲೈಟ್ಸ್ ಬೇಡ. ಹೈಲೈಟ್ಸ್‌ನಲ್ಲಿ ಎಲ್ಲರ ಕ್ರಾಸೂ ಚೆನ್ನಾಗಿರುತ್ತೆ. ಎಂಬತ್ತನೇ ನಿಮಿಷದಲ್ಲಿ ಸುಸ್ತಾದ ಮೇಲೆ ಬಾಲ್ ಎಲ್ಲಿಗೆ ಬೀಳುತ್ತೆ ಅನ್ನುವುದು ಮುಖ್ಯ.

ಎಲ್ಲ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ಶುರುವಿನಲ್ಲಿ ಥಾಯ್ಲೆಂಡಿನಲ್ಲಿ ಟ್ರಯಲ್ ಕೊಡಿಸುತ್ತೇನೆ ಅಂತ ಒಬ್ಬ ಏಜೆಂಟ್ ಒಂದೂವರೆ ಲಕ್ಷದ ಹತ್ತಿರ ತಗೊಂಡ. ಹೋಟೆಲ್ ಪಕ್ಕದ ಪಾರ್ಕಿನಲ್ಲಿ ನಮ್ಮನ್ನೆಲ್ಲ ಓಡಿಸಿದ, ಕ್ಲಬ್ಬಿನವರು ಒಬ್ಬರೂ ಬರಲಿಲ್ಲ. ಅಮ್ಮನ ಬಳೆ ಅಡ ಇಟ್ಟ ದುಡ್ಡು ಅದು. ಆಮೇಲೆ ಟ್ರಯಲ್‌ಗೆ ಅಂತ ಒಂದು ಪೈಸೆಯೂ ಕೊಟ್ಟಿಲ್ಲ. ಬೇಕಾದವರು ಟಿಕೆಟ್ ಕಳಿಸಿ ಕರೆಸಿಕೊಳ್ಳುತ್ತಾರೆ.

ಇನ್ನೊಂದು ಸಲ ಐಟಿಸಿ, ಅಂದರೆ ಬೇರೆ ದೇಶದಲ್ಲಿ ಆಡಲು ಬೇಕಾದ ವರ್ಗಾವಣೆ ಪತ್ರ, ಕೈಕೊಟ್ಟಿತು. ಒಪ್ಪಂದಕ್ಕೆ ಸೈನ್ ಆಗಿತ್ತು, ಫ್ಲಾಟ್ ಕೊಟ್ಟಿದ್ದರು, ಜೆರ್ಸಿ ಮೇಲೆ ಹೆಸರೂ ಬಂದಿತ್ತು. ಹೊಸ ಕ್ಲಬ್ಬಿನ ಕಾಗದ ಫೀಫಾದ ಆನ್‌ಲೈನ್ ವರ್ಗಾವಣೆ ವ್ಯವಸ್ಥೆಯಾದ ಟಿಎಂಎಸ್‌ಗೆ ಏರಿದ್ದು ವಿಂಡೋದ ಕೊನೆಯ ಗಳಿಗೆಯಲ್ಲಿ, ಅದೂ ಅರ್ಧಂಬರ್ಧ. ವಿಂಡೋ ಮುಚ್ಚಿತು. ಅರ್ಧ ಸೀಸನ್ ಗ್ಯಾಲರಿಯಲ್ಲಿ ಕೂತೆ. ಅಲ್ಲಿಂದ ಈಚೆಗೆ ವಿಂಡೋ ಮುಚ್ಚಲು ಕನಿಷ್ಠ ಹತ್ತು ದಿನ ಇರುವಾಗಲೇ ಟಿಎಂಎಸ್‌ನಲ್ಲಿ ನನ್ನ ಹೆಸರು ಕಾಣಬೇಕು ಅಂತ ಹಟ ಹಿಡಿಯುತ್ತಿದ್ದೆ. ಸ್ಕ್ರೀನ್‌ಶಾಟ್ ಕಳಿಸುವವರೆಗೂ ಫೋನ್ ಮಾಡುತ್ತಲೇ ಇರುತ್ತಿದ್ದೆ.

ಸಂಬಳದ ವಿಷಯ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮೊದಲ ಒಪ್ಪಂದ ತಿಂಗಳಿಗೆ ಸಾವಿರದ ಇನ್ನೂರು ಡಾಲರ್ ಆಸುಪಾಸು, ಊಟ ಮತ್ತು ಫ್ಲಾಟ್ ಕ್ಲಬ್ಬಿನದು. ಕೊನೆಯದು ನಾಲ್ಕು ಸಾವಿರದ ಹತ್ತಿರ. ಮಧ್ಯದಲ್ಲಿ ಒಂದು ಕಡೆ ಮೂರು ತಿಂಗಳು ಸಂಬಳವೇ ಬರಲಿಲ್ಲ. ಯಾವ ದೇಶ, ಯಾವ ಕ್ಲಬ್ ಅನ್ನುವುದು ಬೇಡ. ಜೊತೆಯವರೆಲ್ಲ ‘ಸುಮ್ನಿರು, ಬ್ಲ್ಯಾಕ್‌ಲಿಸ್ಟ್ ಮಾಡಿಬಿಡ್ತಾರೆ’ ಅಂದರು. ಫೀಫಾ ನಿಯಮದಲ್ಲಿ 2018ರಿಂದ 14 ಬಿಸ್ ಅಂತ ಒಂದು ಕಲಂ ಇದೆ. ಎರಡು ತಿಂಗಳ ಸಂಬಳ ಬಾಕಿ ಇದ್ದರೆ ಬರಹದಲ್ಲಿ ನೋಟಿಸ್ ಕೊಡಬೇಕು. ಕ್ಲಬ್ಬಿಗೆ ಹದಿನೈದು ದಿನ ಟೈಮ್. ಅಷ್ಟರಲ್ಲಿ ಪೂರ್ತಿ ಕೊಡದಿದ್ದರೆ ಒಪ್ಪಂದ ಮುರಿದು ಹೊರಡಬಹುದು, ತಪ್ಪು ಕ್ಲಬ್ಬಿನದೇ ಆಗುತ್ತೆ. ನಾನು ಒಂದೇ ಪುಟದ ನೋಟಿಸ್ ಬರೆದು ಇಮೇಲ್ ಹಾಕಿದೆ, ರಿಜಿಸ್ಟರ್ಡ್ ಪೋಸ್ಟಲ್ಲೂ ಕಳಿಸಿದೆ. ಗಡುವು ಮುಗಿಯುವ ಎರಡು ಮೂರು ದಿನ ಮುಂಚೆ ಬಾಕಿ ಪೂರ್ತಿ ಬಂತು. ಜಗಳ ಆಡಿದವರಿಗಿಂತ ನನಗೆ ಮೊದಲು ಬಂತು. ಯಾರೂ ಬ್ಲ್ಯಾಕ್‌ಲಿಸ್ಟ್ ಮಾಡಲಿಲ್ಲ. ಫೀಫಾಗೆ ಕ್ಲೇಮ್ ಹಾಕುವುದಿದ್ದರೆ ಎರಡು ವರ್ಷದ ಒಳಗೆ ಹಾಕಬೇಕು, ಆಮೇಲೆ ಹೋದರೆ ಕೇಸ್ ತಗೊಳ್ಳುವುದಿಲ್ಲ.

ಇನ್ನೊಂದು ಮಾತು. ‘ಮೆಡಿಕಲ್ ಪಾಸಾದರೆ, ವರ್ಕ್ ಪರ್ಮಿಟ್ ಬಂದರೆ ಮಾತ್ರ ಒಪ್ಪಂದ’ ಅಂತ ಬರೆದಿರುತ್ತಾರೆ. ಫೀಫಾ ನಿಯಮದ ಪ್ರಕಾರ ಒಪ್ಪಂದಕ್ಕೆ ಅಂಥ ಷರತ್ತು ಹಾಕುವ ಹಾಗಿಲ್ಲ. ಮೆಡಿಕಲ್ ಬೇಕಿದ್ದರೆ ಸೈನ್ ಮಾಡುವ ಮುಂಚೆ ಮಾಡಿಸಲಿ. ಇದನ್ನು ಹೇಳಿದ ದಿನ ಮ್ಯಾನೇಜರ್ ಮುಖ ಸಪ್ಪೆಯಾಗಿತ್ತು, ಆ ಸಾಲು ಮಾತ್ರ ಹೊಡೆದು ಹಾಕಿದರು.

ಟ್ಯಾಕ್ಸ್ ಬಗ್ಗೆಯೂ ಕೇಳುತ್ತಾರೆ. ಹೊರಗೆ ಕೆಲಸಕ್ಕೆ ಹೋದ ವರ್ಷ ಇಂಡಿಯಾದಲ್ಲಿ 182 ದಿನಕ್ಕಿಂತ ಕಮ್ಮಿ ಇದ್ದರೆ ಲೆಕ್ಕವೇ ಬೇರೆ. ಪಾಸ್‌ಪೋರ್ಟ್ ಸ್ಟಾಂಪುಗಳ ಜೆರಾಕ್ಸ್ ಇಟ್ಟುಕೊಳ್ಳಿ, ಒಬ್ಬ ಒಳ್ಳೆ ಆಡಿಟರ್ ಹಿಡಿಯಿರಿ. ನೇಪಾಳಕ್ಕೆ ನಮಗೆ ವೀಸಾ ಬೇಡ, ಭೂತಾನಕ್ಕೆ ವೋಟರ್ ಐಡಿ ಇದ್ದರೂ ಆಗುತ್ತೆ ಅಂತ ಪಾಸ್‌ಪೋರ್ಟ್ ಮನೆಯಲ್ಲಿಟ್ಟು ಹೋಗುವವರಿದ್ದಾರೆ. ಹಾಗೆ ಮಾಡಬೇಡಿ.

ಥಿಂಪು ಬಗ್ಗೆ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಚಾಂಗ್ಲಿಮಿಥಾಂಗ್ ಸ್ಟೇಡಿಯಂ ಇರುವುದು ಸಮುದ್ರಮಟ್ಟದಿಂದ 2,300 ಮೀಟರ್ ಮೇಲೆ, ಗ್ರೌಂಡ್ ಆರ್ಟಿಫಿಶಿಯಲ್. ಉಸಿರು ಕಟ್ಟುತ್ತೆ ಅಂತ ಎಲ್ಲರೂ ಹೆದರಿಸಿದ್ದರು. ಅದು ಎರಡು ವಾರದಲ್ಲಿ ಸರಿಹೋಯಿತು. ನಿಜವಾದ ತೊಂದರೆ ಬಾಲಿನದು. ತೆಳು ಗಾಳಿಯಲ್ಲಿ ಕ್ರಾಸ್ ಬೇಗ ಬರುತ್ತೆ, ಕರ್ವ್ ಕಮ್ಮಿ, ದೂರ ಹೋಗಿ ಬೀಳುತ್ತೆ. ಢಾಕಾದಲ್ಲಿ ನನ್ನ ಹಣೆಗೆ ಬರುತ್ತಿದ್ದ ಬಾಲ್ ಇಲ್ಲಿ ತಲೆ ಮೇಲೆ ಹಾರಿಹೋಗುತ್ತಿತ್ತು. ಮೊದಲ ನಾಲ್ಕೈದು ಪಂದ್ಯ ಗೋಲೇ ಇಲ್ಲ. ಆಮೇಲೆ ದಿನಾ ಟ್ರೈನಿಂಗ್ ಮುಗಿದ ಮೇಲೆ ವಿಂಗರ್ ಹುಡುಗನಿಗೆ ನೂರರ ಹತ್ತಿರ ಕ್ರಾಸ್ ಹಾಕಿಸಿದೆ. ಬಾಲ್ ಮೊದಲು ಎಲ್ಲಿ ಪುಟಿಯುತ್ತೆ ಅಂತ ನೀರಿನ ಬಾಟಲ್ ಇಟ್ಟು ಗುರುತು ಮಾಡಿದೆ. ಕೊನೆಗೆ ಎರಡು ಬದಲಾವಣೆ ಮಾಡಿದೆವು. ಅವನು ಎತ್ತರದ ಕ್ರಾಸ್ ಬಿಟ್ಟು ನೆಲದ ಮೇಲೆ ಗಟ್ಟಿಯಾಗಿ ಹೊಡೆಯತೊಡಗಿದ. ಟರ್ಫ್ ಮೇಲೆ ಬಾಲ್ ಜಾರುತ್ತೆ, ಕೀಪರ್ ಕೈಗೆ ಸರಿಯಾಗಿ ಸಿಗುವುದಿಲ್ಲ. ನಾನು ಕಟ್ ಮಾಡುವುದನ್ನು ಅರ್ಧ ಸೆಕೆಂಡ್ ಮುಂಚೆ ತಂದೆ. ಆಮೇಲೆ ಗೋಲುಗಳು ಬರತೊಡಗಿದವು. ಸೀಸನ್ ಮುಗಿಯುವಾಗ ನಮ್ಮ ಟೀಮಿನಲ್ಲಿ ನನಗಿಂತ ಜಾಸ್ತಿ ಹೊಡೆದವರು ಯಾರೂ ಇರಲಿಲ್ಲ.

ಆ ಊರಿನಲ್ಲಿ ಎಲ್ಲರೂ ಚೆಂಚೊ ಗ್ಯೆಲ್ಶೆನ್ ಬಗ್ಗೆಯೇ ಮಾತಾಡುತ್ತಾರೆ. ಭೂತಾನಿನ ಸ್ಟ್ರೈಕರ್. ಥಾಯ್ಲೆಂಡ್, ಬಾಂಗ್ಲಾದೇಶ ಮುಗಿಸಿ ಮಿನರ್ವಾ ಪಂಜಾಬ್‌ಗೆ ಬಂದು 2017-18ರ ಐ-ಲೀಗ್ ಗೆದ್ದ, ಆಮೇಲೆ ನಮ್ಮ ಬೆಂಗಳೂರು ಎಫ್‌ಸಿಗೇ ಬಂದ. ಅಷ್ಟು ಚಿಕ್ಕ ದೇಶದವನು ಇಷ್ಟು ದೂರ ಬರಬಹುದಾದರೆ ನಮ್ಮ ಹುಡುಗರು ಮಾತ್ರ ಯಾಕೆ ಕಂಠೀರವದ ಆಸೆ ಹೊತ್ತು ಬೆಂಚಿನಲ್ಲಿ ಕೂತು ವಯಸ್ಸು ಕಳೆಯಬೇಕು? ಇಪ್ಪತ್ಮೂರು ಇಪ್ಪತ್ನಾಲ್ಕರ ಸ್ಟ್ರೈಕರ್‌ಗೆ ಬೇಕಾಗಿರುವುದು ಗ್ರೌಂಡಿನಲ್ಲಿ ನಿಮಿಷಗಳು. ದೊಡ್ಡ ಕ್ಲಬ್ಬಿನ ಟ್ರ್ಯಾಕ್‌ಸೂಟ್ ಹಾಕಿಕೊಂಡರೆ ಗೋಲು ಹೊಡೆಯುವುದು ಬರುವುದಿಲ್ಲ, ಅಲ್ವಾ?

ಮಾಲ್ಡೀವ್ಸ್‌ನ ಮಾಲೆ ಬೇರೆ ಥರ. ನಾನಿದ್ದಾಗ ಲೀಗ್ ಪಂದ್ಯವೆಲ್ಲ ಒಂದೇ ಸ್ಟೇಡಿಯಂನಲ್ಲಿ. ನಿಮ್ಮ ಆಟವನ್ನು ಎಲ್ಲ ಕ್ಲಬ್ಬಿನವರೂ ಪ್ರತಿ ವಾರ ಕಣ್ಣಾರೆ ನೋಡುತ್ತಾರೆ. ಹಾಗಾಗಿ ಮುಂದಿನ ಒಪ್ಪಂದ ಅಲ್ಲೇ ಗ್ಯಾಲರಿಯಲ್ಲೇ ಹುಟ್ಟುತ್ತೆ, ಏಜೆಂಟ್ ಬೇಕಿಲ್ಲ. ಸೆಕೆ ಮಾತ್ರ ಮಂಗಳೂರಿನ ಮೇ ತಿಂಗಳನ್ನೂ ಮೀರಿಸುತ್ತೆ. ರಂಜಾನ್ ತಿಂಗಳಲ್ಲಿ ಟ್ರೈನಿಂಗ್ ರಾತ್ರಿ ಹತ್ತರ ಮೇಲೆ. ನಾನೂ ಅವರ ಜೊತೆಗೇ ಹಗಲು ಊಟ ಬಿಟ್ಟು ನೋಡಿದೆ. ಒಂದು ವಾರಕ್ಕೆ ಎರಡು ಕೇಜಿ ಇಳಿದೆ, ಪಂದ್ಯದ ಕೊನೆಯಲ್ಲಿ ಕಾಲು ಹಿಡಿಯುತ್ತಿತ್ತು. ಮಧ್ಯಾಹ್ನ ರೂಮಿನಲ್ಲಿ ಗಂಜಿ, ಓಆರ್‌ಎಸ್ ಶುರು ಮಾಡಿದ ಮೇಲೆ ಸರಿಯಾಯಿತು. ಮಲಗುವ ಹೊತ್ತನ್ನು ಮಾತ್ರ ಅವರದೇ ಇಟ್ಟುಕೊಂಡೆ.

ಬೂಟಿನ ಪ್ರಯೋಗವನ್ನೂ ಮಾಡಿದ್ದೇನೆ. ಆರ್ಟಿಫಿಶಿಯಲ್ ಮೇಲೆ ಉದ್ದ ಸ್ಟಡ್ ಹಾಕಿದರೆ ಮಂಡಿ ಹೋಗುತ್ತೆ. ಕೇರಳದ ಮಲಪ್ಪುರಂ ಕಡೆ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಆಡುವವರ ಗಿಡ್ಡ ಸ್ಟಡ್ಡಿನ ಅಗ್ಗದ ಬೂಟು ತಂದೆ. ಒಳಗಿನ ಸೋಲ್ ತೆಗೆದು ಬೇರೆ ಹಾಕಿಸಿದೆ. ಎರಡು ಸಾವಿರದ ಒಳಗೆ ಮುಗಿಯಿತು, ದುಬಾರಿ ಬೂಟಿಗಿಂತ ಜಾಸ್ತಿ ಬಾಳಿಕೆ ಬಂತು. ಸೆವೆನ್ಸ್ ಆಡಿದ್ದರಿಂದ ನನ್ನ ಫಸ್ಟ್ ಟಚ್ ಕೂಡ ಸುಧಾರಿಸಿತು. ಆದರೆ ಒಪ್ಪಂದ ಇರುವಾಗ ಹೋಗಿ ಆಡಿದರೆ ಕೆಲಸ ಕೆಡುತ್ತೆ.

ಕೊನೆಗೆ ಊರಿಗೆ ವಾಪಸ್ ಬಂದು ಸೂಪರ್ ಡಿವಿಜನ್‌ನಲ್ಲಿ ಅಮೆಚೂರ್ ಆಗಿ, ಅಂದರೆ ಸಂಬಳದ ಒಪ್ಪಂದವಿಲ್ಲದೆ, ಆಡುವವರು ಒಂದು ನೆನಪಿಡಿ. ಪ್ರೊಫೆಷನಲ್ ಆಗಿ ಆಡಿದ ಕೊನೇ ಪಂದ್ಯದಿಂದ 30 ದಿನ ಕಳೆಯದೆ ಅಮೆಚೂರ್ ಅಂತ ರಿಜಿಸ್ಟರ್ ಆಗುವುದಿಲ್ಲ. ಬರುವ ವಿಂಡೋಗೆ ನಾನು ಇಬ್ಬರು ಹುಡುಗರನ್ನು ಕಳಿಸುತ್ತಿದ್ದೇನೆ. ಒಬ್ಬ ಢಾಕಾಗೆ, ಇನ್ನೊಬ್ಬ ಕಠ್ಮಂಡುಗೆ. ಢಾಕಾದವನ ಒಪ್ಪಂದ ಓದಿ ಮುಗಿಸಿದ್ದೇನೆ, ಎರಡು ಸಾಲು ಹೊಡೆಸಬೇಕು. ಕಠ್ಮಂಡು ಕ್ಲಬ್ಬಿನ ಲೆಫ್ಟ್ ವಿಂಗರ್ ವಿಡಿಯೊ ಇನ್ನೂ ಬಂದಿಲ್ಲ. ಅದು ಬರುವವರೆಗೆ ಸೈನ್ ಬೇಡ ಅಂತ ಹೇಳಿದ್ದೇನೆ.