ವ್ಯಾಲೆಟಾ ನೋಡಬೇಕೇ? ಮೊದಲು ಎದುರು ದಡಕ್ಕೆ ಹೋಗಿ

ಮಾಲ್ಟಾಗೆ ಹೋಗಿ ಬಂದ ನಮ್ಮವರ ಮೊಬೈಲ್ ತೆರೆದು ನೋಡಿ. ಟ್ರೈಟನ್ ಕಾರಂಜಿ ಮುಂದೆ ಒಂದು ಫೋಟೊ, ರಿಪಬ್ಲಿಕ್ ಸ್ಟ್ರೀಟ್‌ನಲ್ಲಿ ಐಸ್‌ಕ್ರೀಂ ಹಿಡಿದು ಎರಡು, ಬಣ್ಣದ ಮರದ ಬಾಲ್ಕನಿಗಳದ್ದು ಲೆಕ್ಕವಿಲ್ಲದಷ್ಟು. ಕೋಟೆ ಎಲ್ಲಪ್ಪಾ ಅಂತ ಕೇಳಿದರೆ, "ಊರೆಲ್ಲಾ ಕೋಟೇನೇ ಅಲ್ವಾ" ಅನ್ನುತ್ತಾರೆ. ಅದು ನಿಜ. ಆದರೆ ಗೋಡೆಯ ಒಳಗೇ ಓಡಾಡಿದವರಿಗೆ ಗೋಡೆ ಕಾಣುವುದು ಹೇಗೆ? ಮಾಲ್ಟಾದ ರಾಜಧಾನಿ ವ್ಯಾಲೆಟಾದ ಕೋಟೆ ಕಾಣಬೇಕೆಂದರೆ ಬಂದರಿನ ನೀರು ದಾಟಿ ಎದುರು ದಡದ ಹಳೆಯ ಊರು ಬಿರ್ಗು ಕಡೆ ಹೋಗಬೇಕು. ಅದೂ ಬೆಳಿಗ್ಗೆಯೇ. ಮಧ್ಯಾಹ್ನ ಹೋದರೆ ಅರ್ಧ ಮಜಾ ಹೋಯಿತು.

ಹೊರಡುವ ಮುನ್ನ

ಷೆಂಗೆನ್ ವೀಸಾ ಬೇಕು. ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಏಪ್ರಿಲ್, ಮೇ ಅಥವಾ ಅಕ್ಟೋಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಆ ಹಳದಿ ಸುಣ್ಣದ ಕಲ್ಲು ಕಣ್ಣಿಗೆ ಹೊಡೆಯುತ್ತದೆ, ನೆರಳೂ ಕಡಿಮೆ.

ಎರಡು ಸಾಮಾನು ಮಾತ್ರ ಮರೆಯಬೇಡಿ. ಒಂದು, ಹಿಡಿತ ಇರುವ ಶೂ. ಬೀದಿಗೆ ಹಾಸಿದ ಕಲ್ಲು ಕಾಲುಗಳ ಸವೆತಕ್ಕೆ ನುಣುಪಾಗಿದೆ, ನಾಲ್ಕು ಹನಿ ಬಿದ್ದರೆ ಸಾಕು ಜಾರುತ್ತದೆ. ಹವಾಯಿ ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಬೀದಿ ಇಳಿಯುವವರನ್ನು ನೋಡಿದರೆ ನನಗೇ ಎದೆ ಝಲ್ಲೆನ್ನುತ್ತದೆ. ಇನ್ನೊಂದು, ಪ್ಲಗ್ ಅಡಾಪ್ಟರ್. ಬ್ರಿಟಿಷರು ಬಿಟ್ಟುಹೋದ ಮೂರು ಚಪ್ಪಟೆ ಪಿನ್ನಿನ ಸಾಕೆಟ್ ಅಲ್ಲಿರುವುದು, ನಮ್ಮ ದುಂಡು ಪಿನ್ ಹೋಗುವುದಿಲ್ಲ. ನೂರು ದೇಶಕ್ಕೆ ಒಂದೇ ಸಾಕು ಎಂದು ಮಾರುವ ಆ ಡಬ್ಬಿಯಂಥ ಯೂನಿವರ್ಸಲ್ ಅಡಾಪ್ಟರ್ ಬೇಡವೇ ಬೇಡ. ಸಾಕೆಟ್‌ನಲ್ಲಿ ಜೋತುಬಿದ್ದು ರಾತ್ರಿಯೆಲ್ಲಾ ಚಾರ್ಜ್ ಆಗದೇ ಉಳಿಯುತ್ತದೆ. ಎಸ್.ಪಿ. ರೋಡ್‌ನಲ್ಲಿ ಬ್ರಿಟಿಷ್ ಪಿನ್ನಿನ ಸಾದಾ ಅಡಾಪ್ಟರ್ ಸಿಗುತ್ತದೆ, ಅದನ್ನೇ ತಗೊಳ್ಳಿ.

ರೂಮು ಬಿರ್ಗುವಿನಲ್ಲೋ ವ್ಯಾಲೆಟಾದಲ್ಲೋ ಮಾಡಿ. ಕಡಿಮೆಗೆ ಸಿಕ್ಕಿತೆಂದು ದೂರದ ಬೀಚ್ ಹೋಟೆಲ್ ಹಿಡಿದವರು ಬೆಳಗಿನ ಹೊತ್ತನ್ನೆಲ್ಲಾ ಬಸ್ಸಿನಲ್ಲೇ ಕಳೆಯುತ್ತಾರೆ.

ಸ್ವಲ್ಪ ಕಥೆ ಗೊತ್ತಿರಲಿ

ಕಥೆ ಗೊತ್ತಿಲ್ಲದಿದ್ದರೆ ಎಲ್ಲಾ ಗೋಡೆಯೂ ಒಂದೇ ಥರ ಕಾಣುತ್ತದೆ. ಹಾಗಾಗಿ ಇಷ್ಟು ತಿಳಿದುಕೊಳ್ಳಿ. ಸೇಂಟ್ ಜಾನ್ ಪಂಥದ ನೈಟ್‌ಗಳು, ಅಂದರೆ ಕ್ರೈಸ್ತ ಧಾರ್ಮಿಕ ಯೋಧರು, 1522ರಲ್ಲಿ ರೋಡ್ಸ್ ದ್ವೀಪವನ್ನು ತುರ್ಕರಿಗೆ ಕಳೆದುಕೊಂಡರು. ಚಕ್ರವರ್ತಿ ಐದನೇ ಚಾರ್ಲ್ಸ್ 1530ರಲ್ಲಿ ಅವರಿಗೆ ಮಾಲ್ಟಾ ಕೊಟ್ಟ. ವರ್ಷಕ್ಕೆ ಒಂದು ಬೇಟೆ ಗಿಡುಗ ಬಾಡಿಗೆ! ಬಂದವರು ನೆಲೆಯೂರಿದ್ದು ಬಿರ್ಗುವಿನಲ್ಲಿ. ಎದುರು ದಡದ ಸ್ಕಿಬೆರಾಸ್ ಗುಡ್ಡ ಆಗ ಹೆಚ್ಚುಕಮ್ಮಿ ಬರೀ ಬಂಡೆ. ಅದರ ತುದಿಯಲ್ಲಿ ಸೇಂಟ್ ಎಲ್ಮೊ ಎಂಬ ಸಣ್ಣ ಕೋಟೆ ಇತ್ತು.

1565ರ ಮೇ ತಿಂಗಳಲ್ಲಿ ತುರ್ಕರ ಸುಲ್ತಾನ ಸುಲೇಮಾನನ ದೊಡ್ಡ ನೌಕಾಪಡೆ ಬಂತು. ಕೆಲವೇ ದಿನಗಳಲ್ಲಿ ಬೀಳುತ್ತದೆ ಎಂದುಕೊಂಡಿದ್ದ ಸೇಂಟ್ ಎಲ್ಮೊ ಜೂನ್ 23ರವರೆಗೆ ನಿಂತಿತು. ಆಮೇಲೆ ತುರ್ಕರು ಅದೇ ಗುಡ್ಡದ ಮೇಲೆ ಫಿರಂಗಿ ನಿಲ್ಲಿಸಿ ಬಿರ್ಗುವಿಗೆ ಹೊಡೆದರು. ಸೆಪ್ಟೆಂಬರ್ 8ಕ್ಕೆ ಮುತ್ತಿಗೆ ಮುಗಿಯಿತು, ನೈಟ್‌ಗಳು ಉಳಿದರು. ಆ ಗುಡ್ಡವನ್ನು ಖಾಲಿ ಬಿಟ್ಟರೆ ಉಳಿಗಾಲವಿಲ್ಲ ಎಂದು ಅವರಿಗೆ ಅರ್ಥವಾಯಿತು. ಮರುವರ್ಷ, 1566ರ ಮಾರ್ಚ್‌ನಲ್ಲಿ, ಪಂಥದ ಮುಖ್ಯಸ್ಥ, ಅಂದರೆ ಗ್ರ್ಯಾಂಡ್ ಮಾಸ್ಟರ್, ಜಾನ್ ದ ವಾಲೆಟ್ ಅದರ ಮೇಲೆ ಹೊಸ ಊರಿಗೆ ಕಲ್ಲು ಹಾಕಿದ. ಅದೇ ವ್ಯಾಲೆಟಾ. ಬಿರ್ಗುವಿಗೆ 'ವಿತ್ತೊರಿಯೋಸಾ' (ಗೆದ್ದ ಊರು) ಎಂಬ ಬಿರುದು ಬಂತು, ಸ್ಥಳೀಯರು ಮಾತ್ರ ಇವತ್ತಿಗೂ ಬಿರ್ಗು ಅಂತಲೇ ಕರೆಯುತ್ತಾರೆ.

ಹೊಸ ಊರು ಹುಟ್ಟಿದ್ದೇ ಹಳೆಯ ಊರಿನ ಭಯದಿಂದ. ಅದಕ್ಕೇ ಮೊದಲು ಬಿರ್ಗು, ಆಮೇಲೆ ವ್ಯಾಲೆಟಾ.

ನೀರು ದಾಟುವುದು: ಎಲ್ಲರೂ ಎಡವುವುದು ಇಲ್ಲೇ

ಬೆಳಿಗ್ಗೆ ಎಂಟೂವರೆ, ಒಂಬತ್ತಕ್ಕೆಲ್ಲಾ ಅಪ್ಪರ್ ಬರಾಕಾ ಉದ್ಯಾನದಲ್ಲಿರಿ. ಅಲ್ಲಿ ನಿಂತು ಬಂದರಿನ ಫೋಟೊ ತೆಗೆಯಲು ಹೋಗಬೇಡಿ, ಬಿಸಿಲು ಎದುರಿಗೇ ಇರುತ್ತದೆ, ಎಲ್ಲಾ ಕಪ್ಪಾಗಿ ಬರುತ್ತದೆ. ಮೂಲೆಯಲ್ಲಿರುವ ಎತ್ತರದ ಲಿಫ್ಟ್ ಹಿಡಿದು ಕೆಳಗಿಳಿಯಿರಿ. ರಸ್ತೆ ದಾಟಿದರೆ ಲಸ್ಕಾರಿಸ್ ಧಕ್ಕೆ.

ಇಲ್ಲಿ ಮೂರು ದಾರಿಗಳಿವೆ. ಮೊದಲನೆಯದು ಬಂದರು ಸುತ್ತಿಸುವ ಕ್ರೂಸ್ ದೋಣಿ. ಇದು ಬೇಡ. ಧ್ವನಿವರ್ಧಕದಲ್ಲಿ ಹಲವು ಭಾಷೆಗಳಲ್ಲಿ ಸರದಿ ಮೇಲೆ ವಿವರಣೆ ಬರುತ್ತದೆ. ನಿಮಗೆ ತಿಳಿಯುವ ಭಾಷೆ ಬರುವಷ್ಟರಲ್ಲಿ ಆ ಗೋಡೆ ಹಿಂದೆ ಹೋಗಿರುತ್ತದೆ. ಎರಡನೆಯದು ಬಿರ್ಗು ಪಕ್ಕದ ಊರು ಬೊರ್ಮ್ಲಾಕ್ಕೆ ಹೋಗುವ ಸಾಮಾನ್ಯ ಫೆರಿ. ಹತ್ತು ನಿಮಿಷದ ದಾರಿ, ತೊಂದರೆಯಿಲ್ಲ. ಮೂರನೆಯದು 'ದೈಸಾ' ಎಂಬ ಬಣ್ಣ ಬಳಿದ ಸಣ್ಣ ಮರದ ದೋಣಿ. ನನ್ನ ಮಟ್ಟಿಗೆ ಹೋಗುವಾಗ ದೈಸಾ, ಬರುವಾಗ ಫೆರಿ. ದೈಸಾದಲ್ಲಿ ನೀರಿಗೆ ತೀರಾ ಹತ್ತಿರ ಕೂತಿರುತ್ತೀರಿ. ಹಾಗೆ ಕೂತು ತಿರುಗಿ ನೋಡಿದಾಗ ವ್ಯಾಲೆಟಾದ ಗೋಡೆ ಎಷ್ಟು ಎತ್ತರ ಅನ್ನುವುದು ಗೊತ್ತಾಗುತ್ತದೆ. ಹತ್ತುವ ಮೊದಲೇ ತಲೆಗೆ ಎಷ್ಟು ಎಂದು ಕೇಳಿಬಿಡಿ. ಸುತ್ತಾಟ ಬೇಡ, ಬರೀ ದಾಟಿಸಿ ಸಾಕು ಎಂದು ಬಿಡಿಸಿ ಹೇಳಿ.

ಮುಖ್ಯ ವಿಷಯ ಈಗ. ದೋಣಿ ಹೊರಟ ಕೂಡಲೇ ಎಲ್ಲರೂ ಮುಂದೆ ನೋಡುತ್ತಾರೆ. ನೀವು ಹಿಂದಕ್ಕೆ ತಿರುಗಿ ಕೂರಿ. ಬೆಳಗಿನ ಬಿಸಿಲು ವ್ಯಾಲೆಟಾದ ಈ ಮಗ್ಗುಲಿಗೇ ನೇರವಾಗಿ ಬೀಳುತ್ತದೆ. ಗೋಡೆಯ ಮೂಲೆಗಳನ್ನು ಗಮನಿಸಿ. ದುಂಡು ಬುರುಜು ಎಲ್ಲೂ ಇಲ್ಲ. ದುಂಡು ಬುರುಜಿನ ಬುಡಕ್ಕೆ ಶತ್ರು ಅಂಟಿಕೊಂಡು ನಿಂತರೆ ಮೇಲಿದ್ದವನಿಗೆ ಕಾಣುವುದಿಲ್ಲ. ಬಾಣದ ಮೊನೆಯಂತೆ ಚಾಚಿದ ಕೊತ್ತಲಗಳಲ್ಲಿ ಆ ಆಟ ನಡೆಯುವುದಿಲ್ಲ, ಪಕ್ಕದ ಕೊತ್ತಲದ ಫಿರಂಗಿಗೆ ಅವನು ಸಿಕ್ಕಿಬೀಳುತ್ತಾನೆ. ಪೋಪ್ ಕಳಿಸಿದ ಇಂಜಿನಿಯರ್ ಫ್ರಾನ್ಸೆಸ್ಕೊ ಲಪಾರೆಲ್ಲಿ ಹಾಕಿದ ನಕ್ಷೆ ಇದು. ಈ ಲೆಕ್ಕ ಒಮ್ಮೆ ಕಣ್ಣಿಗೆ ಹತ್ತಿದರೆ ಊರಿಡೀ ಅದೇ ಕಾಣುತ್ತದೆ.

ಇನ್ನೊಂದು. ನೀವು ಹಗಲಲ್ಲಿ ಆರಾಮಾಗಿ ಕೂತು ಹೋಗುವ ಈ ನೀರಿನ ಮೇಲೇ 1565ರಲ್ಲಿ ಬಿರ್ಗುವಿನಿಂದ ಸೇಂಟ್ ಎಲ್ಮೊಗೆ ರಾತ್ರಿ ಹೊತ್ತು ದೋಣಿಗಳು ಹೋಗುತ್ತಿದ್ದವು. ಹೋಗುವಾಗ ಹೊಸ ಸೈನಿಕರು, ಬರುವಾಗ ಗಾಯಾಳುಗಳು. ಕೊನೆಕೊನೆಗೆ ತುರ್ಕರು ಆ ದಾರಿಯನ್ನೂ ಮುಚ್ಚಿದರು.

ಬಿರ್ಗು ಹತ್ತಿರವಾದಾಗ ಮುಂದಕ್ಕೆ ತಿರುಗಿ. ಎಡಕ್ಕೆ ಸೇಂಟ್ ಆಂಜೆಲೊ ಕೋಟೆ, ಬಲಕ್ಕೆ ಪಕ್ಕದ ಊರು ಸೆಂಗ್ಲಿಯಾ. ನಡುವಿನ ಈ ಬಾಯಿಗೆ ಮುತ್ತಿಗೆ ಸಮಯದಲ್ಲಿ ದಪ್ಪ ಕಬ್ಬಿಣದ ಸರಪಳಿ ಎಳೆದು ಕಟ್ಟಿದ್ದರು. ಈಗ ಅಲ್ಲಿ ಶ್ರೀಮಂತರ ವಿಹಾರ ನೌಕೆಗಳು ಸಾಲಾಗಿ ನಿಂತಿರುತ್ತವೆ.

ಇಳಿದ ಮೇಲೆ ಮೊದಲು ಸೆಂಗ್ಲಿಯಾ ತುದಿಯ ಗಾರ್ಡಿಯೋಲಾ ತೋಟಕ್ಕೆ ಹೋಗಿ. ಅಲ್ಲಿನ ಕಾವಲು ಗೂಡಿನ ಕಲ್ಲಿನಲ್ಲಿ ಒಂದು ಕಣ್ಣು, ಒಂದು ಕಿವಿ ಕೆತ್ತಿದ್ದಾರೆ. ಇಡೀ ವ್ಯಾಲೆಟಾ ಒಂದೇ ಫೋಟೊದಲ್ಲಿ ಸಿಗುವುದು ಇಲ್ಲಿಂದ. ಹನ್ನೊಂದರೊಳಗೆ ಮುಗಿಸಿ.

ಬಿರ್ಗು ಒಳಗೆ: ನೀರಿನ ಕಡೆಯಿಂದ ನುಗ್ಗಬೇಡಿ

ಧಕ್ಕೆಯಿಂದ ದಡದಗುಂಟ ಕೆಫೆಗಳ ಸಾಲಿನಲ್ಲೇ ಒಳಗೆ ಹೋಗುವುದು ಸುಲಭ. ಎಲ್ಲರೂ ಅದನ್ನೇ ಮಾಡುತ್ತಾರೆ. ನೀವು ಸುತ್ತುಬಳಸಿ ಭೂಮಿ ಕಡೆಯ ಹೆಬ್ಬಾಗಿಲಿಗೆ ಬನ್ನಿ. ಅಲ್ಲಿ ಒಂದರ ಹಿಂದೆ ಒಂದು ಬಾಗಿಲು, ಪ್ರತಿ ಬಾಗಿಲಿಗೂ ದಾರಿ ತಿರುಗುತ್ತದೆ. ನೇರವಾಗಿ ಓಡಿ ಬರಲು ಆಗಬಾರದು ಎಂದೇ ಹಾಗೆ ಮಾಡಿದ್ದು. ಕಂದಕ ಈಗ ಉದ್ಯಾನ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಜನ ಬಂಡೆ ಕೊರೆದು ಅಡಗಿದ್ದ ಸುರಂಗಗಳೂ ಇಲ್ಲೇ ಇವೆ, ಪಕ್ಕದ ಯುದ್ಧ ಮ್ಯೂಸಿಯಂನವರು ಒಳಗೆ ಬಿಡುತ್ತಾರೆ.

ಇನ್‌ಕ್ವಿಸಿಟರ್, ಅಂದರೆ ಚರ್ಚಿನ ಧರ್ಮವಿಚಾರಣಾಧಿಕಾರಿಯ, ಅರಮನೆಯಲ್ಲಿ ಕೈದಿಗಳು ಗೋಡೆ ಮೇಲೆ ಕೆತ್ತಿದ ಗುರುತುಗಳನ್ನು ನೋಡಿ. ಸೇಂಟ್ ಜೋಸೆಫ್ ಪ್ರಾರ್ಥನಾ ಮಂದಿರ ತೆರೆದಿದ್ದರೆ ದ ವಾಲೆಟ್‌ನ ಟೋಪಿ, ಕತ್ತಿ ಅಲ್ಲಿವೆ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಸೇಂಟ್ ಆಂಜೆಲೊ ಕೋಟೆಯ ಮೇಲಿರಿ. ಎದುರಿನ ವ್ಯಾಲೆಟಾದಲ್ಲಿ ದಿನಾ ಮಧ್ಯಾಹ್ನ ಹನ್ನೆರಡಕ್ಕೂ ನಾಲ್ಕಕ್ಕೂ ತೋಪು ಹಾರಿಸುತ್ತಾರೆ. ಇಲ್ಲಿಂದ ಹೊಗೆ ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಮಕ್ಕಳಿದ್ದರೆ ನಡುವಿನ ಸೆಕೆಂಡು ಎಣಿಸಲು ಹೇಳಿ.

ಊಟಕ್ಕೆ ದಡದ ಹೋಟೆಲ್‌ಗಳು ದುಬಾರಿ. ಒಳಬೀದಿಯಲ್ಲಿ ಪಸ್ಟಿಟ್ಸಿ ತಗೊಳ್ಳಿ. ಪದರ ಪದರದ ಬಿಸಿ ಪಫ್ ಅದು, ಒಳಗೆ ರಿಕೊಟಾ ಚೀಸ್ ಅಥವಾ ಬಟಾಣಿ. ಕಟ್ಟಾ ಸಸ್ಯಾಹಾರಿಗಳು ಹಿಟ್ಟಿಗೆ ಹಂದಿಕೊಬ್ಬು ಹಾಕಿದ್ದಾರಾ ಎಂದು ಕೇಳಿ, ಕೆಲವರು ಹಳೇ ಪದ್ಧತಿಯಂತೆ ಹಾಕುತ್ತಾರೆ. ಕಿನ್ನಿ ಎಂಬ ಅವರ ಕಹಿ ಕಿತ್ತಳೆ ಪಾನೀಯ ಮೊದಲ ಗುಟುಕಿಗೆ ಕಷಾಯ ಅನ್ನಿಸುತ್ತದೆ. ಎರಡನೇ ಬಾಟಲಿಗೆ ಇಷ್ಟವಾಗುತ್ತದೆ.

ವಾಪಸ್ ವ್ಯಾಲೆಟಾಗೆ

ಫೆರಿ ಹಿಡಿದು ಮೂರೂವರೆಗೆ ಅಪ್ಪರ್ ಬರಾಕಾ ತಲುಪಿ. ಬೆಳಿಗ್ಗೆ ಬೇಡ ಎಂದ ಫೋಟೊ ಈಗ ತೆಗೆಯಿರಿ, ಬಿಸಿಲು ನಿಮ್ಮ ಬೆನ್ನಿಗಿದೆ, ಸೇಂಟ್ ಆಂಜೆಲೊ ಹೊಳೆಯುತ್ತಿರುತ್ತದೆ. ನಾಲ್ಕರ ತೋಪನ್ನೂ ಹತ್ತಿರದಿಂದ ಕೇಳಿ. ಕುದುರೆಗಾಡಿ, ಪುಟಾಣಿ ರೈಲು, ಹತ್ತಿ ಇಳಿಯುವ ಡಬಲ್ ಡೆಕರ್ ಯಾವುದೂ ಬೇಡ. ಊರು ಒಂದು ಚದರ ಕಿಲೋಮೀಟರೂ ಇಲ್ಲ, ಬೀದಿಗಳು ಚೌಕುಳಿ. ಸುಮ್ನೆ ನಡೆಯಿರಿ.

ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್ ಮರುದಿನ ಬೆಳಿಗ್ಗೆಗೆ ಇಡಿ. ಭಾನುವಾರ ಪ್ರವಾಸಿಗಳಿಗೆ ಬಾಗಿಲಿಲ್ಲ. ಭುಜ ಮುಚ್ಚುವ ಬಟ್ಟೆ ಇರಲಿ. ಚೂಪು ಹಿಮ್ಮಡಿಯ ಚಪ್ಪಲಿಗೂ ಅಲ್ಲಿ ಪ್ರವೇಶವಿಲ್ಲ. ನೆಲದ ತುಂಬಾ ನೈಟ್‌ಗಳ ಬಣ್ಣದ ಅಮೃತಶಿಲೆ ಸಮಾಧಿಗಳಿವೆ, ಅವು ಹಾಳಾಗಬಾರದಲ್ಲ. ಜನ ಆಡಿಯೊ ಗೈಡ್ ಕಿವಿಗಿಟ್ಟು ಚಾವಣಿ ನೋಡುತ್ತಲೇ ಸುಸ್ತಾಗಿ, ಕೊನೆಯಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊನ ಚಿತ್ರದ ಮುಂದೆ ಎರಡೇ ನಿಮಿಷ ನಿಂತು ಹೊರಡುತ್ತಾರೆ. ಮೊದಲು ಆ ಕೋಣೆಗೇ ಹೋಗಿ. 1608ರ ಚಿತ್ರ, ಸ್ನಾನಿಕ ಯೋಹಾನನ ಶಿರಚ್ಛೇದ. ಚೆಲ್ಲಿದ ರಕ್ತದಲ್ಲೇ ಸಹಿ ಇದೆ, ಅವನು ಸಹಿ ಹಾಕಿದ ಒಂದೇ ಚಿತ್ರ ಇದು. ಅದೇ ವರ್ಷ ಜಗಳ ಮಾಡಿ ಸಿಕ್ಕಿಬಿದ್ದ ಅವನನ್ನು ನೀವು ನಿನ್ನೆ ನೋಡಿದ ಸೇಂಟ್ ಆಂಜೆಲೊದಲ್ಲೇ ಕೂಡಿಹಾಕಿದ್ದರು. ತಪ್ಪಿಸಿಕೊಂಡು ಓಡಿದ. ತಾನೂ ನೈಟ್ ಆಗಿದ್ದ ಅವನನ್ನು ಡಿಸೆಂಬರ್‌ನಲ್ಲಿ ಪಂಥದಿಂದ ಹೊರಹಾಕಿದ್ದು ಇದೇ ಕೋಣೆಯಲ್ಲಿ, ಇದೇ ಚಿತ್ರದ ಎದುರು.

ನಮ್ಮವರಿಗೆ ಒಂದು ಹೆಚ್ಚಿನ ಜಾಗ: ಮರ್ಚೆಂಟ್ಸ್ ಸ್ಟ್ರೀಟ್‌ನ ಪಲಾಜ್ಜೊ ಪರಿಸಿಯೊ. ಒಳಗೆ ಬಿಡುವುದಿಲ್ಲ, ಅದು ವಿದೇಶಾಂಗ ಸಚಿವಾಲಯ. 1798ರ ಜೂನ್‌ನಲ್ಲಿ ಈಜಿಪ್ಟಿಗೆ ಹೊರಟಿದ್ದ ನೆಪೋಲಿಯನ್ ದ್ವೀಪ ಹಿಡಿದು ಕೆಲ ದಿನ ಉಳಿದಿದ್ದು ಈ ಮನೆಯಲ್ಲಿ. ಮರುವರ್ಷ ಕೈರೋದಿಂದ ಶ್ರೀರಂಗಪಟ್ಟಣದ ಟಿಪ್ಪುವಿಗೆ ಅವನು ಬರೆದ ಪತ್ರ ದಾರಿಯಲ್ಲೇ ಬ್ರಿಟಿಷರ ಕೈಸೇರಿತು.

ಗಾಳಿ ಎದ್ದರೆ, ಅಥವಾ ಕ್ರೂಸ್‌ನಲ್ಲಿ ಬಂದಿದ್ದರೆ

ಚಳಿಗಾಲದಲ್ಲಿ ಈಶಾನ್ಯದಿಂದ ಗ್ರೆಗಾಲೆ ಗಾಳಿ ನೇರವಾಗಿ ಬಂದರಿನ ಬಾಯಿಗೇ ನುಗ್ಗುತ್ತದೆ, ದೋಣಿ ನಿಲ್ಲುತ್ತದೆ. ಆಗ ಟ್ರೈಟನ್ ಕಾರಂಜಿ ಬಳಿಯಿಂದ ಬಸ್ಸಿನಲ್ಲಿ ಬಿರ್ಗುವಿಗೆ ಹೋಗಿ, ಹೆಬ್ಬಾಗಿಲ ಹತ್ತಿರವೇ ಇಳಿಯುತ್ತೀರಿ.

ಕ್ರೂಸ್ ಹಡಗಿನವರಿಗೆ ಸಮಯ ಕಡಿಮೆ, ಆದರೆ ಒಂದು ಲಾಭ ಇದೆ. ಹಡಗೇ ಬಂದರಿನೊಳಗೆ ಬರುತ್ತದೆ. ಆ ಹೊತ್ತಿಗೆ ಡೆಕ್ ಮೇಲೆ ಬಲಗಡೆ ನಿಂತಿರಿ, ಸೇಂಟ್ ಎಲ್ಮೊದಿಂದ ಶುರುವಾಗಿ ಇಡೀ ವ್ಯಾಲೆಟಾ ಕಣ್ಣ ಮುಂದೆಯೇ ಸಾಗುತ್ತದೆ. ಎಷ್ಟೋ ಜನ ಅಷ್ಟರಲ್ಲಿ ತಿಂಡಿ ಕ್ಯೂನಲ್ಲಿ ತಟ್ಟೆ ಹಿಡಿದು ನಿಂತಿರುತ್ತಾರೆ. ತಿಂಡಿ ಆಮೇಲೂ ಸಿಗುತ್ತದೆ. ಇಳಿದ ಮೇಲೆ ಪೇಟೆಗೆ ಹತ್ತಬೇಡಿ, ದಡದಲ್ಲೇ ಲಸ್ಕಾರಿಸ್ ಧಕ್ಕೆಗೆ ನಡೆದು ದೈಸಾ ಹತ್ತಿ.