ವರ್ಗಾವಣೆ ಆರ್ಡರ್ ಬಂತಾ? ಡ್ಯೂಟಿ ಬಟ್ಟೆ ಹೀಗೆ ಜೋಡಿಸಿಕೊಳ್ಳಿ

ಬ್ಯಾಂಕ್ ಕೆಲಸ ಅಂದಮೇಲೆ ಟ್ರಾನ್ಸ್‌ಫರ್ ತಪ್ಪಿದ್ದಲ್ಲ. ನಾನು ರಾಯಚೂರು, ಮಂಗಳೂರು, ಮಡಿಕೇರಿ ಮುಗಿಸಿ ಈಗ ಬೆಂಗಳೂರಿನಲ್ಲಿದ್ದೇನೆ. ಹೊಸದಾಗಿ ಆಫೀಸರ್ ಆದ ಹುಡುಗಿಯರು ಫೋನ್ ಮಾಡಿದರೆ ಮನೆ ಬಾಡಿಗೆ ಎಷ್ಟು ಅಂತ ಕೇಳುತ್ತಾರೆ. ಅದಾದ ಮೇಲೆ, "ಅಕ್ಕಾ, ಅಲ್ಲಿ ಡ್ಯೂಟಿಗೆ ಏನು ಹಾಕ್ಕೊಂಡು ಹೋಗ್ತಾರೆ?" ಕೇಳಲೇಬೇಕಾದ ಪ್ರಶ್ನೆ. ಕೌಂಟರ್‌ನ ಆ ಕಡೆ ನಿಂತವರು ನಮ್ಮ ಹತ್ತಿರ ಸಲೀಸಾಗಿ ಮಾತಾಡಬೇಕು. ನಮಗೂ ಸಂಜೆವರೆಗೆ ಮೈಮೇಲಿನ ಬಟ್ಟೆಯ ಕಡೆ ಗಮನ ಹೋಗಬಾರದು.

ಹೋಗುವ ಮುಂಚೆ ಸುಮ್ನೆ ಹೊಸ ಬಟ್ಟೆ ಕೊಳ್ಳಬೇಡಿ. ಇರುವುದರಲ್ಲೇ ನಾಲ್ಕು ಕಾಟನ್ ಸೀರೆ, ಎರಡು ಚೂಡಿದಾರ್ ಹಿಡಿದು ಹೊರಡಿ. ಮೊದಲ ವಾರ ಆ ಊರಿನ ಹೈಸ್ಕೂಲ್ ಟೀಚರ್‌ಗಳನ್ನು ಗಮನಿಸಿ. ಅವರೂ ದಿನವಿಡೀ ಜನರ ಮುಂದೆ ನಿಲ್ಲುವವರು, ಅದೇ ಬಸ್ಸು, ಅದೇ ಬಿಸಿಲು. ಏನು ಉಟ್ಟರೆ ತಡೆಯುತ್ತದೆ ಅಂತ ಅವರಿಗೆ ಗೊತ್ತು.

ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಅಲ್ಲಿಗೆ ನನ್ನ ಮಾತು ಒಂದೇ, ಇಳಕಲ್ ಸೀರೆ. ಆದರೆ ನೋಡಿ ತೆಗೆದುಕೊಳ್ಳಿ. ಸೀರೆಯ ಮೈ ಪೂರ್ತಿ ಹತ್ತಿಯದೇ ಇರಲಿ. ಹೊಳೆಯುವ ಕೃತಕ ನೂಲಿನ ಸೀರೆ ಅಗ್ಗ, ಆದರೆ ಅದರೊಳಗೆ ಗಾಳಿ ಆಡುವುದಿಲ್ಲ. ಸೀರೆ ತಿರುಗಿಸಿ, ಮೈಗೆ ಸೆರಗು ಕೂಡುವ ಜಾಗ ನೋಡಿ. ಕೈಮಗ್ಗದ ಇಳಕಲ್‌ನಲ್ಲಿ ಮೈಯ ಹಾಸಿನ (ಉದ್ದಕ್ಕೆ ಓಡುವ) ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಸಾಲು ಕೈಗೆ ಸಿಗುತ್ತದೆ. ಮೊದಲೆರಡು ಸಲ ತಣ್ಣೀರಲ್ಲಿ ಬೇರೆಯಾಗಿಯೇ ಒಗೆದು ನೆರಳಲ್ಲಿ ಒಣಗಿಸಿ. ಸೆರಗಿನ ಕೆಂಪು ಬಿಳಿಗೆ ಹತ್ತಿದರೆ ಹೋಗುವುದಿಲ್ಲ. ಗುಳೇದಗುಡ್ಡದ ಖಣದ ಕುಪ್ಪಸ ಚೆಂದವೇ, ಅದನ್ನು ಹಬ್ಬಕ್ಕೆ ಇಟ್ಟುಕೊಳ್ಳಿ. ಬ್ರಾಂಚ್‌ಗೆ ಕಾಟನ್ ಬ್ಲೌಸ್ ಸಾಕು. "ಅಕ್ಕಾರ, ಈ ಸೀರಿ ಎಲ್ಲಿ ತಗೊಂಡ್ರಿ?" ಅಂತ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕೇಳುತ್ತಾರೆ. ಅಲ್ಲಿಂದ ಸಾಲದ ಮಾತು ಎಷ್ಟು ಸಲೀಸು ಗೊತ್ತಾ!

ಮಂಗಳೂರಿನಲ್ಲಿ ಬಿಸಿಲಿಗಿಂತ ಬೆವರಿನ ಕಾಟ ಜಾಸ್ತಿ. ಬೇಸಿಗೆಗೆ ಉಡುಪಿ ಕೈಮಗ್ಗದ ಸೀರೆ ಉಡಿ. 2016ರಲ್ಲಿ ಜಿಐ (ಆ ಊರಿನದೇ ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಸೀರೆ ಅದು, ಮೈಮೇಲೆ ಭಾರವೇ ಇಲ್ಲ. ನೇಕಾರರ ಸಂಘದ ಅಂಗಡಿಯಲ್ಲೇ ಕೊಳ್ಳಿ, ನೇಯುವ ಕೈಗಳು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಹತ್ತಿ ಬೇಡ, ಒಣಗುವುದೇ ಇಲ್ಲ. ಜಾರ್ಜೆಟ್ ಆದರೆ ರಾತ್ರಿ ಫ್ಯಾನ್ ಕೆಳಗೆ ಹರವಿದರೆ ಬೆಳಿಗ್ಗೆ ಸಿದ್ಧ. ನೆರಿಗೆಯನ್ನು ಎರಡು ಬೆರಳು ಮೇಲಕ್ಕೆ ಉಡಿ. ಚರ್ಮದ ಚಪ್ಪಲಿಗೆ ಬೂಸು ಹಿಡಿಯುತ್ತದೆ, ರಬ್ಬರಿನದು ತೆಗೆದುಕೊಳ್ಳಿ. ಬ್ರಾಂಚ್ ಡ್ರಾಯರ್‌ನಲ್ಲಿ ಒಂದು ಒಣ ಲಂಗ ಯಾವಾಗಲೂ ಇರಲಿ. ಒದ್ದೆ ಅಂಚಿನಲ್ಲಿ ಸಂಜೆವರೆಗೆ ಕೂರುವುದು ಹಿಂಸೆ, ಅಲ್ವಾ? ಇಲ್ಲಿ ಚೂಡಿದಾರ್ ಹಾಕಿದರೂ ಯಾರೂ ಏನೂ ಅನ್ನುವುದಿಲ್ಲ.

ಮಡಿಕೇರಿಗೆ ತುಂಬು ತೋಳಿನ ಬ್ಲೌಸ್, ಸ್ವೆಟರ್ ಇರಲಿ. ನೆರಿಗೆ ಹಿಂದೆ ಬರುವ ಕೊಡವ ಸೀರೆ ಮದುವೆ, ಹಬ್ಬದಲ್ಲಿ ಜಾಸ್ತಿ ಕಾಣುತ್ತದೆ. ಆಫೀಸಿಗೆ ಎಲ್ಲರ ಹಾಗೆ ಮಾಮೂಲಿ ಸೀರೆ, ಚೂಡಿದಾರ್ ನಡೆಯುತ್ತದೆ. ಸಹೋದ್ಯೋಗಿ ಮದುವೆಗೆ ಕರೆದು ತಾವೇ ಉಡಿಸುತ್ತೇನೆ ಅಂದರೆ ಮಾತ್ರ ಬೇಡ ಅನ್ನಬೇಡಿ. ಸೆರಗು ಬಲ ಹೆಗಲ ಮೇಲೆ ಬರುವ ರೀತಿ ಹತ್ತಿರದಿಂದ ನೋಡಬೇಕು.

ಬೆಂಗಳೂರಿನಲ್ಲಿ ಬ್ರಾಂಚ್ ಯಾವ ಏರಿಯಾ ಅಂತ ಮೊದಲು ಕೇಳಿಕೊಳ್ಳಿ. ವೈಟ್‌ಫೀಲ್ಡ್‌ನಲ್ಲಿ ಕುರ್ತಾ, ಪ್ಯಾಂಟ್ ಮಾಮೂಲು. ಮಲ್ಲೇಶ್ವರ, ಬಸವನಗುಡಿಯಲ್ಲಿ ಪಿಂಚಣಿಗೆ ಬರುವ ಅಜ್ಜಿಯರು ಸೀರೆ ಕಂಡರೆ ಪಕ್ಕದಲ್ಲೇ ಕೂತು ಮಾತಿಗೆ ಶುರು ಮಾಡುತ್ತಾರೆ. ಎಸಿಗೆ ಒಂದು ಶಾಲು ಇಟ್ಟುಕೊಳ್ಳಿ. ಮೆಟ್ರೋದಲ್ಲಿ ಓಡಾಡುವವರು ಸೆರಗಿಗೆ ಎರಡು ಪಿನ್ ಹಾಕಿ, ಎಸ್ಕಲೇಟರ್ ಹತ್ತುವಾಗ ನೆರಿಗೆ ಎತ್ತಿ ಹಿಡಿದುಕೊಳ್ಳಿ.