ಸರ್ವರ್‌ನಲ್ಲಿ ನೆಟ್‌ವರ್ಕ್ ಇಂಟರ್‌ಫೇಸ್ ಹೊಂದಿಸುವುದು ಹೇಗೆ?

ಎಸ್‌ಎಸ್‌ಎಚ್ ಮೂಲಕ ದೂರದಿಂದ ಲಾಗಿನ್ ಆಗಿ ಅದೇ ಸರ್ವರ್‌ನ ನೆಟ್‌ವರ್ಕ್ ಬದಲಾಯಿಸಲು ಹೊರಟವರು ತಾವು ಕೂತ ಕೊಂಬೆಗೇ ಕೊಡಲಿ ಹಿಡಿದಿರುತ್ತಾರೆ. ಒಂದು ಅಂಕಿ ತಪ್ಪಿದರೂ ಸಂಪರ್ಕ ಕಡಿದುಹೋಗುತ್ತದೆ; ಸರಿಪಡಿಸಲು ಒಳಗೆ ಹೋಗುವ ದಾರಿಯೇ ಉಳಿಯುವುದಿಲ್ಲ. ಆದ್ದರಿಂದ ಕಮಾಂಡ್‌ಗಳನ್ನು ಕಲಿಯುವ ಮೊದಲು ಒಂದು ವಿಷಯವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು: ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ನೆನಪಿನಲ್ಲಿ ಈಗ ಚಾಲ್ತಿಯಲ್ಲಿರುವ ವ್ಯವಸ್ಥೆ ಬೇರೆ, ಡಿಸ್ಕ್‌ನ ಕಡತದಲ್ಲಿ ಬರೆದಿಟ್ಟಿರುವ ವ್ಯವಸ್ಥೆ ಬೇರೆ. ಕಮಾಂಡ್ ಕೊಟ್ಟು ಸೇರಿಸಿದ ವಿಳಾಸ ರೀಬೂಟ್ ಆದೊಡನೆ ಅಳಿಸಿಹೋಗುತ್ತದೆ. ಕಡತದಲ್ಲಿ ಬರೆದ ವಿಳಾಸ ಜಾರಿಗೊಳಿಸುವವರೆಗೂ ಬರೀ ಅಕ್ಷರವಾಗಿಯೇ ಇರುತ್ತದೆ. ತಿಂಗಳುಗಟ್ಟಲೆ ಚೆನ್ನಾಗಿ ನಡೆದ ಸರ್ವರ್ ಒಂದು ರೀಬೂಟ್‌ನ ನಂತರ ನೆಟ್‌ವರ್ಕ್‌ನಿಂದ ಕಾಣೆಯಾದರೆ, ಮೊದಲು ಅನುಮಾನಿಸಬೇಕಾದದ್ದು ಈ ಎರಡರ ನಡುವಿನ ಅಂತರವನ್ನೇ.

ಏನನ್ನಾದರೂ ಮುಟ್ಟುವ ಮೊದಲು ಇರುವುದನ್ನು ನೋಡಿ. ಲಿನಕ್ಸ್‌ನಲ್ಲಿ ‘ಐಪಿ ಲಿಂಕ್’ ಎಂದು ಕೊಟ್ಟರೆ ಎಲ್ಲ ಇಂಟರ್‌ಫೇಸ್‌ಗಳ, ಅಂದರೆ ಸರ್ವರ್ ನೆಟ್‌ವರ್ಕ್‌ಗೆ ಸೇರುವ ಸಂಪರ್ಕಬಿಂದುಗಳ, ಪಟ್ಟಿ ಬರುತ್ತದೆ. ಹಿಂದೆ ಕರ್ನಲ್ ನೆಟ್‌ವರ್ಕ್ ಕಾರ್ಡ್‌ಗಳನ್ನು ಗುರುತಿಸಿದ ಸರದಿಯಲ್ಲಿ ಇಟಿಎಚ್0, ಇಟಿಎಚ್1 ಎಂದು ಹೆಸರು ಬೀಳುತ್ತಿತ್ತು. ಎರಡು ಕಾರ್ಡ್‌ಗಳಿದ್ದಲ್ಲಿ ಹೆಸರುಗಳು ಅದಲುಬದಲಾಗುವ ಅಪಾಯವಿತ್ತು. ಈಗ ಕಾಣುವ ಇಎನ್‌ಪಿ3ಎಸ್0 ಎಂಬಂಥ ಹೆಸರು ಕಾರ್ಡ್ ಕೂತಿರುವ ಜಾಗವನ್ನೇ ಹೇಳುತ್ತದೆ: ‘ಇಎನ್’ ಎಂದರೆ ಈಥರ್‌ನೆಟ್, ‘ಪಿ3’ ಎಂದರೆ ಪಿಸಿಐ ಬಸ್ ಸಂಖ್ಯೆ 3, ‘ಎಸ್0’ ಎಂದರೆ ಅದರ ಸ್ಲಾಟ್. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲಿ ಹೆಸರು ಕಾರ್ಡ್ ನಡೆಸುವ ತಂತ್ರಾಂಶವಾದ ಡ್ರೈವರ್‌ನಿಂದ ಬರುತ್ತದೆ, ಉದಾಹರಣೆಗೆ ಇಎಂ0.

ಆ ಪಟ್ಟಿಯಲ್ಲಿ ‘ಅಪ್’ ಎಂಬ ಪದ ಕಂಡಾಕ್ಷಣ ನೆಮ್ಮದಿಪಡಬೇಡಿ. ಇಂಟರ್‌ಫೇಸನ್ನು ನಾವು ಚಾಲೂ ಮಾಡಿದ್ದೇವೆ ಎಂಬುದಷ್ಟೇ ಅದರ ಅರ್ಥ. ಕೇಬಲ್‌ನ ಆ ತುದಿಯಿಂದ ಸಂಕೇತ ಬರುತ್ತಿದೆ ಎನ್ನಲು ‘ಲೋವರ್ ಅಪ್’ ಎಂದಿರಬೇಕು. ‘ನೋ ಕ್ಯಾರಿಯರ್’ ಎಂದಿದ್ದರೆ ವಿಳಾಸ ಎಷ್ಟು ಸರಿಯಾಗಿದ್ದರೂ ಪ್ರಯೋಜನವಿಲ್ಲ, ಕೇಬಲ್ ಮತ್ತು ಸ್ವಿಚ್ ಪೋರ್ಟ್ ನೋಡಬೇಕು. ಸರ್ವರ್‌ನ ಹಿಂಬದಿಯ ನಾಲ್ಕು ಪೋರ್ಟ್‌ಗಳಲ್ಲಿ ಯಾವುದು ಯಾವುದೆಂದು ತಿಳಿಯದಿದ್ದರೆ ‘ಈಥ್‌ಟೂಲ್ -ಪಿ’ ಎಂದು ಬರೆದು ಇಂಟರ್‌ಫೇಸ್ ಹೆಸರು ಕೊಡಿ; ಕಾರ್ಡ್‌ನಲ್ಲಿ ಆ ಸೌಲಭ್ಯವಿದ್ದರೆ ಅದೇ ಪೋರ್ಟ್‌ನ ದೀಪ ಮಿನುಗತೊಡಗುತ್ತದೆ.

ಇನ್ನು ತಾತ್ಕಾಲಿಕವಾಗಿ ವಿಳಾಸ ಕೊಟ್ಟು ನೋಡಬಹುದು. ಇಲ್ಲಿ 192.0.2.10 ಎಂಬುದನ್ನು ಬಳಸುತ್ತೇನೆ. ಇದು ಉದಾಹರಣೆಗಳಿಗೆಂದೇ ಮೀಸಲಾದ ಸರಣಿಯದ್ದು, ಇದರ ಜಾಗದಲ್ಲಿ ನಿಮ್ಮ ವಿಳಾಸ ಹಾಕಿಕೊಳ್ಳಿ. ‘ಐಪಿ ಅಡ್ರ್ ಆ್ಯಡ್ 192.0.2.10/24 ಡೆವ್ ಇಎನ್‌ಪಿ3ಎಸ್0’ ಎಂಬ ಕಮಾಂಡ್‌ನಲ್ಲಿ ಕೊನೆಯ /24 ಅನ್ನು ಮರೆಯಬಾರದು. ವಿಳಾಸದ ಎಷ್ಟು ಭಾಗ ಜಾಲದ್ದು ಎಂದು ಹೇಳುವ ಅದು 255.255.255.0 ಎಂಬ ಮಾಸ್ಕ್‌ಗೆ ಸಮ. ಬಿಟ್ಟುಬಿಟ್ಟರೆ ಕಮಾಂಡ್ ದೋಷವನ್ನೇನೂ ತೋರಿಸುವುದಿಲ್ಲ, ಆದರೆ ಅದನ್ನು /32, ಅಂದರೆ ಒಂದೇ ವಿಳಾಸದ ಜಾಲ ಎಂದು ತಿಳಿಯುತ್ತದೆ. ಆಗ ಪಕ್ಕದ ಯಂತ್ರಗಳೂ ತನ್ನ ಜಾಲದಲ್ಲೇ ಇವೆ ಎಂಬುದು ಸರ್ವರ್‌ಗೆ ಗೊತ್ತಾಗುವುದಿಲ್ಲ. ನಂತರ ‘ಐಪಿ ರೂಟ್ ಆ್ಯಡ್ ಡಿಫಾಲ್ಟ್ ವಯಾ 192.0.2.1’ ಎಂದು ಗೇಟ್‌ವೇ, ಅಂದರೆ ಹೊರ ಜಾಲಗಳಿಗೆ ಹೋಗುವ ಬಾಗಿಲು, ಕೊಡಿ. ಎರಡು ಕಾರ್ಡ್‌ಗಳಿದ್ದರೂ ಡಿಫಾಲ್ಟ್ ಗೇಟ್‌ವೇ ಸಾಮಾನ್ಯವಾಗಿ ಒಂದೇ ಇರಲಿ. ಎರಡೂ ಕಡೆ ಬರೆದರೆ ಒಂದು ಕಾರ್ಡ್‌ನಿಂದ ಬಂದ ಕೋರಿಕೆಗೆ ಉತ್ತರ ಇನ್ನೊಂದರಿಂದ ಹೊರಟು ದಾರಿಯಲ್ಲಿ ಫೈರ್‌ವಾಲ್‌ಗೆ ಸಿಕ್ಕಿಬೀಳಬಹುದು.

ಶಾಶ್ವತವಾಗಿ ಬರೆದಿಡುವ ಜಾಗ ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು. ಉಬುಂಟು ಸರ್ವರ್‌ನಲ್ಲಿ ನೆಟ್‌ವರ್ಕ್ ಹೊಂದಿಸುವ ಸಾಧನವಾದ ನೆಟ್‌ಪ್ಲಾನ್‌ನ ಯಾಮಲ್ ಕಡತವಿದೆ. ಅಲ್ಲಿ ಸಾಲಿನ ಆರಂಭದ ಖಾಲಿ ಜಾಗಕ್ಕೂ ಅರ್ಥವಿದ್ದು, ಟ್ಯಾಬ್ ಒತ್ತಿದರೆ ದೋಷ ಬರುತ್ತದೆ. ರೆಡ್‌ಹ್ಯಾಟ್ ಬಳಗದಲ್ಲಿ ನೆಟ್‌ವರ್ಕ್‌ಮ್ಯಾನೇಜರ್‌ನ ಕಮಾಂಡ್ ಆದ ‘ಎನ್‌ಎಂಸಿಎಲ್‌ಐ’ ಬಳಸಬೇಕು. ವಿಳಾಸ ಬರೆದು ‘ಐಪಿವಿ4 ಮೆಥಡ್’ ಅನ್ನು ಮ್ಯಾನ್ಯುಯಲ್‌ಗೆ ಬದಲಾಯಿಸದೆ ಹೋದರೆ ಡಿಎಚ್‌ಸಿಪಿಯಿಂದ ತಾನಾಗಿ ಸಿಗುವ ವಿಳಾಸವೂ ಜೊತೆಗೇ ಉಳಿಯುತ್ತದೆ. ಫ್ರೀಬಿಎಸ್‌ಡಿಯಲ್ಲಿ ಎಲ್ಲವೂ ‘ಆರ್‌ಸಿ ಡಾಟ್ ಕಾನ್ಫ್’ ಕಡತದಲ್ಲಿರುತ್ತದೆ. ಅದನ್ನು ಷೆಲ್ (ಕಮಾಂಡ್‌ಗಳನ್ನು ಓದಿ ನಡೆಸುವ ತಂತ್ರಾಂಶ) ಓದುವುದರಿಂದ ಒಂದು ಉದ್ಧರಣ ಚಿಹ್ನೆ ಮುಚ್ಚದೆ ಉಳಿದರೂ ಬೂಟ್ ಆಗುವುದಕ್ಕೇ ತೊಂದರೆಯಾಗಬಹುದು. ಯಾವುದನ್ನೇ ಬಳಸಿ, ಒಂದು ಇಂಟರ್‌ಫೇಸನ್ನು ಎರಡು ವ್ಯವಸ್ಥಾಪಕಗಳ ಕೈಗೆ ಕೊಡಬೇಡಿ.

ಜಾರಿಗೊಳಿಸುವ ಗಳಿಗೆಯೇ ನಿಜವಾಗಿ ಎಚ್ಚರ ಬೇಕಾದದ್ದು. ನೆಟ್‌ಪ್ಲಾನ್‌ನಲ್ಲಿ ‘ಅಪ್ಲೈ’ ಬದಲು ‘ಟ್ರೈ’ ಬಳಸಿದರೆ, 120 ಸೆಕೆಂಡುಗಳೊಳಗೆ ನೀವು ಎಂಟರ್ ಒತ್ತಿ ಒಪ್ಪದಿದ್ದಲ್ಲಿ ಹಳೆಯ ವ್ಯವಸ್ಥೆ ತಾನಾಗಿಯೇ ಮರಳುತ್ತದೆ. ಸಂಪರ್ಕ ಕಡಿದಿದ್ದರೆ ನಿಮಗೆ ಒಪ್ಪಲು ಸಾಧ್ಯವೇ ಇರುವುದಿಲ್ಲವಾದ್ದರಿಂದ ಇದು ನಿಮ್ಮನ್ನು ಕಾಯುತ್ತದೆ. ಈ ಅನುಕೂಲವಿಲ್ಲದ ಕಡೆ ಹಳೆಯ ಕಡತದ ಪ್ರತಿ ಇಟ್ಟುಕೊಂಡು, ಐದು ನಿಮಿಷದ ನಂತರ ಅದನ್ನು ಮರಳಿ ತಂದು ಜಾರಿಗೊಳಿಸುವ ಕೆಲಸವನ್ನು ಹೇಳಿದ ಹೊತ್ತಿಗೆ ಕೆಲಸ ನಡೆಸುವ ‘ಅಟ್’ ಕಮಾಂಡ್‌ಗೆ ಮೊದಲೇ ಒಪ್ಪಿಸಿ. ಹೊಸ ಎಸ್‌ಎಸ್‌ಎಚ್ ಸಂಪರ್ಕವೊಂದು ತೆರೆದುಕೊಂಡ ಮೇಲಷ್ಟೇ ಅದನ್ನು ರದ್ದು ಮಾಡಿ. ಹಳೆಯ ಕಿಟಕಿ ಇನ್ನೂ ಜೀವಂತವಾಗಿದೆ ಎಂಬುದು ಪುರಾವೆಯಾಗುವುದಿಲ್ಲ.

ಕೊನೆಗೆ ಪರೀಕ್ಷೆ. ಮೊದಲು ಗೇಟ್‌ವೇಗೆ, ಆಮೇಲೆ ಹೊರಗಿನ ಒಂದು ಐಪಿ ವಿಳಾಸಕ್ಕೆ, ಕೊನೆಯಲ್ಲಿ ಒಂದು ಜಾಲತಾಣದ ಹೆಸರಿಗೆ ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದೆಯೇ ಎಂದು ಕೂಗಿ ನೋಡಿ. ಮೊದಲೆರಡು ಸರಿಯಿದ್ದು ಮೂರನೆಯದು ಸೋತರೆ ತೊಂದರೆ ಇರುವುದು ಬಹುತೇಕ ಹೆಸರನ್ನು ಐಪಿ ವಿಳಾಸವಾಗಿಸುವ ಡಿಎನ್‌ಎಸ್‌ನಲ್ಲಿ. ಮೂರೂ ಗೆದ್ದ ಮೇಲೆ, ಕನ್ಸೋಲ್ (ನೆಟ್‌ವರ್ಕ್ ಇಲ್ಲದೆಯೂ ಸರ್ವರ್ ನಡೆಸುವ ಪರದೆ, ಕೀಲಿಮಣೆ) ಕೈಗೆಟುಕುವಂತಿರುವಾಗಲೇ ಸರ್ವರನ್ನು ಒಮ್ಮೆ ರೀಬೂಟ್ ಮಾಡಿ, ಅದೇ ಮೂರು ಪಿಂಗ್‌ಗಳನ್ನು ಮತ್ತೆ ಓಡಿಸಿ.